ನೀರು ತಂದೇನಿ, ಅಡಿಕಿ ಇಲ್ಲ: ಮಗಳಿಗೊಂದು ಪತ್ರ

ಚಿ. ಮಗಳಿಗೆ ಧಾರವಾಡದಿಂದ ನಿನ್ನ ಅವ್ವ ಮಾಡುವ ಆಶೀರ್ವಾದ.

ಆಫೀಸಿನ ರಾಜ್ಯೋತ್ಸವಕ್ಕ ನಿರೂಪಣೆ ನಿಂದ ಅಂತ ಕೇಳಿ ಖುಷಿ ಆತು. ನಡುನಡುವ ಹೇಳಲಿಕ್ಕೆ ನಮ್ಮ ಕಡೆ ಜೋಕು ಬರದು ಕಳಸು ಅಂದಿ. ಕಳಸೂದೇನು ದೊಡ್ಡದಲ್ಲ. ಆದ್ರ ನಿನ್ನ ಮುಂದ ಕೂಡವರು ಮೈಸೂರಿನವರು, ಮಂಗಳೂರಿನವರು, ಕನ್ನಡ ಈಗ ಕಲೀಲಿಕ್ಕೆ ಹತ್ತಿದ ಹಿಂದಿ ಮಂದಿ. ಅದಕ್ಕ ಯಾವ ಜೋಕು ಯಾರ ಹತ್ರ ಯಾಕ ಬೀಳ್ತದ ಅನ್ನೂದನ್ನೂ ಬರದೀನಿ.

ಶಬ್ದದ ಮ್ಯಾಲೆ ನಿಂತ ಜೋಕಿಗೆ ಒಂದೇ ಕರಾರು: ಕೇಳವರಿಗೆ ಎರಡೂ ಅರ್ಥ ಮದಲೇ ಗೊತ್ತಿರಬೇಕು, ಮತ್ತ ದಿನಾ ಬಳಸೂ ಶಬ್ದ ಆಗಿರಬೇಕು. ಒಂದು ಅರ್ಥ ಗೊತ್ತಿದ್ದು ಇನ್ನೊಂದನ್ನ ನೆನಪು ಮಾಡಿಕೊಳ್ಳಬೇಕಾದ್ರೂ ಸಾಕು, ಅಷ್ಟರಾಗ ನಗು ತಪ್ಪಿಹೋಗಿರ್ತದ.

ನೀರಡಿಕಿದು ತಗೋ. ಬಂದವರು "ಭಾಳ ನೀರಡಿಕಿ ಆಗೇದ ನೋಡ್ರಿ" ಅಂತಾರ. ಮನಿಯವರು "ನೀರು ತಂದೇನ್ರಿ, ಅಡಿಕಿ ಇಲ್ಲ" ಅಂತಾರ. ನಮ್ಮ ಕಡೆ ಬಂದವರಿಗೆ ಮದಲ ನೀರು, ಕಡೀಕ ಎಲಿ-ಅಡಿಕಿ ಕೊಡೂ ಪದ್ಧತಿ ಇರೂದ್ರಿಂದ ಇದು ಇನ್ನೂ ಚಂದ ಕೂಡ್ತದ. ವ್ಯಾಕರಣದವರು ಇದಕ್ಕ ಸಭಂಗ ಶ್ಲೇಷೆ ಅಂತಾರ, ಶಬ್ದ ಮುರದು ಎರಡನೇ ಅರ್ಥ ತಗಿಯೂದು. ಹೇಳೂ ರೀತಿ ಹಿಂಗ: ಮದಲನೇ ಮಾತಿನ್ಯಾಗ "ನೀರಡಿಕಿ" ಒಂದೇ ಉಸಿರಿನ್ಯಾಗ, ಯಾವ ಒತ್ತೂ ಇಲ್ಲದಂಗ ಬರಬೇಕು. ಅಲ್ಲೇ "ನೀರ್... ಅಡಿಕಿ" ಅಂತ ಎಳದಿ ಅಂದ್ರ ಗುಟ್ಟು ಬಯಲಾತು, ಎರಡನೇ ಮಾತಿಗೆ ಯಾರೂ ಕಾಯೂದಿಲ್ಲ. ತಡಿಯೂದು "ನೀರು ತಂದೇನ್ರಿ" ಅಂದ ಮ್ಯಾಲೆ, ಒಂದು ಸೆಕೆಂಡ್. "ಅಡಿಕಿ" ಅಂದ ಮ್ಯಾಲೆ ಒಂದೇ ಸಣ್ಣ ಶಬ್ದ ಇರಲಿ. "ಅಡಿಕಿ ನಿನ್ನೆ ಸಂತ್ಯಾಗ ತರಬೇಕಂತ ಮಾಡಿದ್ದೆ, ಆಗಲಿಲ್ಲ" ಅಂತ ಉದ್ದ ಮಾಡಿದ್ರ ನಗಬೇಕಾದವರು ನಿನ್ನ ವಾಕ್ಯ ಮುಗೀಲಿ ಅಂತ ಸುಮ್ಮನ ಕೂಡ್ತಾರ.

ಆದ್ರ ಮೈಸೂರಿನ ಕಡೆ ಅದು ಬಾಯಾರಿಕೆ. ಅವರಿಗೆ ನೀರಡಿಕಿ ಪುಸ್ತಕದ ಶಬ್ದ.

ಅತ್ತಿಹಣ್ಣಿಂದೂ ಹಂಗ. ನಾವು ಮನೆಗೆ ಮನಿ, ಎಲೆಗೆ ಎಲಿ, ಅತ್ತೆಗೆ ಅತ್ತಿ ಅಂತೀವಿ. ಅದಕ್ಕ "ಅತ್ತಿ ಮನಸ್ಸು ಬಿಚ್ಚಿ ನೋಡಬಾರದು, ಬರೇ ಹುಳ" ಅಂದ್ರ ಇಲ್ಲೆ ಗದಗಿನ ತನಕ ನಗತಾರ. ಅತ್ತಿಹಣ್ಣಿನೊಳಗ ಸಣ್ಣ ಕಣಜದ ಜಾತಿ ಹುಳ ಹುಟ್ಟಿ ಬೆಳಿಯೂದು ಖರೇನೇ. ಅತ್ತೆ ಅನ್ನವರಿಗೆ ಹಣ್ಣು ನೆನಪಾಗೂದೇ ಇಲ್ಲ. ಅವರ ಹತ್ರ ಬ್ಯಾರೆ ಜೋಕು ಅದ: "ಅತ್ತೆ ಬಂದ್ರು, ನಾನು ಅತ್ತೆ." ಅದು ನಮ್ಮಲ್ಲೆ ನಡಿಯೂದಿಲ್ಲ, ಬಂದಾಕಿ "ಅತ್ತಿ", ನಾ ಅತ್ತದ್ದು "ಅತ್ತೆ". ಕಡೀ ಸ್ವರ ಒಂದು ಬದಲಾದ್ರ ಒಂದು ಜೋಕು ಸಾಯ್ತದ, ಇನ್ನೊಂದು ಹುಟ್ತದ. ಎರಡೂ ಒಟ್ಟಿಗೆ ಹೇಳಿದ್ರ ಒಳ್ಳೆ ಜೋಡಿ, ಆದ್ರ ವೇದಿಕಿ ಮ್ಯಾಲೆ ಬ್ಯಾಡ. ಸಭಾದಾಗ ಯಾರದರೆ ಅತ್ತಿ ಕೂತೇ ಇರ್ತಾಳ.

ಪ್ಯಾಟಿ ಶಬ್ದದಾಗೂ ಹುಷಾರಿರು. "ಕಾಲು ಕೇಜಿ ಕೋಳಿ ಕೊಡಿ", "ಯಾವ ಕಾಲು, ಎಡಗಾಲೋ ಬಲಗಾಲೋ?" ಬೆಂಗಳೂರಾಗ ಇದು ನಡೀತದ. ಹುಬ್ಬಳ್ಳಿಯಾಗ ನಾವು ಪಾವ ಕಿಲೋ ಅಂತೀವಿ. 1956ರ ತನಕ ಧಾರವಾಡ ಮುಂಬಯಿ ರಾಜ್ಯದಾಗಿತ್ತು, ಅಂಗಡಿ ಲೆಕ್ಕದಾಗ ಮರಾಠಿ ಶಬ್ದ ಹಂಗೇ ಉಳದಾವ. ರಾಜ್ಯೋತ್ಸವದ ದಿನ ಈ ಮಾತು ಹೇಳಲಿಕ್ಕೂ ಚಲೋ.

ಎಲ್ಲಾರಿಗೂ ತಲುಪೂದು ಬೇಕಂದ್ರ ಸಂಖ್ಯಾ ಹಿಡಿ. "ಆರಕ್ಕ ಏಳು ಅಂದ್ರ ಏಳಕ್ಕೂ ಏಳೂದಿಲ್ಲ." ಬೀದರದಿಂದ ಚಾಮರಾಜನಗರದ ತನಕ ನಡೀತದ. ಕನ್ನಡ ಕಲಿಯವರೂ ಮದಲ ಕಲಿಯೂದು ಒಂದು ಎರಡೇ, ಹಂಗಾಗಿ ಅವರಿಗೂ ಅರ್ಧ ಹಾದಿ ಸಿಗ್ತದ.

ಉಳದ ಅರ್ಧ ಹಾದಿ ನೀನೇ ಮುಂಚೆ ಹಾಕಿಡಬೇಕು. ಇದು ಮುಖ್ಯ, ನೋಡು. "ಹುಬ್ಬಳ್ಳಿಯಾಗ ಚಲೋ ಅಂದ್ರ ಯಾರೂ ಎದ್ದು ಹೋಗೂದಿಲ್ಲ" ಅನ್ನೂ ಜೋಕು ಹಿಂದಿ ಮಂದಿಗೆ ಹೇಳಬೇಕಾಗೇದ ಅಂತ ಇಟ್ಕೋ. ಅವರಿಗೆ ಚಲೋ ಅಂದ್ರ ನಡೀರಿ. ನಮ್ಮಲ್ಲೆ ಅದರ ಅರ್ಥ ಒಳ್ಳೇದು ಅಂತ ಅವರಿಗೆ ಗೊತ್ತಿಲ್ಲ. ಅದಕ್ಕ ಹತ್ತು ನಿಮಿಷ ಮದಲ, ಹಾಡಿದವರಿಗೆ "ಭಾಳ ಚಲೋ ಹಾಡಿದ್ರಿ" ಅಂತ ಚಪ್ಪಾಳಿ ಹೊಡಸು. ಕುಣದವರಿಗೂ ಹಂಗೇ ಅನ್ನು. ಎರಡು ಸಲ ಸಾಕು, ಮೂರನೇ ಸಲಕ್ಕ ಸಂಶಯ ಬರ್ತದ. ಆಮ್ಯಾಲೆ ಜೋಕು ಹೇಳಿದ್ರ ಅರ್ಥ ಆಗಲೇ ಕಿವ್ಯಾಗ ಇರ್ತದ. ಹೇಳೂ ಹೊತ್ತಿಗೆ "ಚಲೋ ಅಂದ್ರ ಒಳ್ಳೇದು ಅಂತ ಅರ್ಥ, ಹಂಗಾಗಿ..." ಅಂತ ಸುರು ಮಾಡಿದ್ರ ಅದು ಪಾಠ ಆಗ್ತದ.

ಊರಿನ ಗುರುತಿದ್ರ ಸಾಕಾಗೂ ಜೋಕಿಗೆ ಇಷ್ಟು ತಯಾರಿ ಬ್ಯಾಡ. "ಧಾರವಾಡದಾಗ ಪೇಢೆ ಸಿಗೂ ಓಣಿ ಹೆಸರು ಲೈನ್ ಬಜಾರ, ಹೆಸರಿಗೆ ತಕ್ಕಂಗ ಲೈನ್ ಹಚ್ಚಲಿಕ್ಕೇ ಬೇಕು." ಅರ್ಧ ಸಾಲಿನ್ಯಾಗ ಊರೂ ಬಂತು, ಜೋಕೂ ಬಂತು.

ಇನ್ನೊಂದು, ತಿಳಿಯದವರಿಗೂ ಹಿಡಕೊಳ್ಳಲಿಕ್ಕೆ ಏನರೆ ಇರಬೇಕು. ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫರ (1819–1889) ತತ್ವಪದ ಹೊಲದಾಗ ಹಾಡಿಕೊಳ್ಳವರು ಧಾಟಿಗೆ, ವಿಚಿತ್ರ ಚಿತ್ರಕ್ಕ ಖುಷಿ ಪಡ್ತಾರ. ಒಳಗಿನದು ತಿಳದವರು ಅದನ್ನ ಬ್ಯಾರೆ ಹಿಡೀತಾರ. ಯಾರೂ ಹೊರಗ ಉಳಿಯೂದಿಲ್ಲ. ನೀರಡಿಕಿದು ಅಲ್ಲೆ ಹೇಳಲೇಬೇಕು ಅನಸಿದ್ರ ಇಬ್ಬರು ನಿಂತು ಮಾಡಿ ತೋರಸ್ರಿ. ಒಬ್ಬರು ತಂಬಿಗಿ ಕೊಟ್ಟು ಎಲಿ-ಅಡಿಕಿಯ ಖಾಲಿ ತಬಕು ಮುಂದ ಹಿಡೀಲಿ. ಶಬ್ದ ತಪ್ಪಿದವರಿಗೆ ತಬಕರೆ ಕಾಣ್ತದ.

ನಗು ಯಾವಾಗ ಬಂತು ಅನ್ನೂದನ್ನ ನೋಡ್ತಿರು. ನೀ "ಹಂಗ", "ಮಂಗ್ಯಾ" ಅಂದ ಕೂಡಲೇ ನಕ್ರ ಅವರು ನಕ್ಕಿದ್ದು ನಮ್ಮ ಮಾತಿನ ಧಾಟಿಗೆ, ಜೋಕು ಇನ್ನೂ ಬಂದೇ ಇಲ್ಲ. ಅದರ ಮ್ಯಾಲೆ ಭರವಸಾ ಇಡಬ್ಯಾಡ, ಧಾಟಿ ಬೇಕಂತ ಜಗ್ಗಬ್ಯಾಡ. ಐದು ನಿಮಿಷಕ್ಕ ಅದು ರೂಢಿ ಆಗ್ತದ, ಆಮ್ಯಾಲೆ ಕೈಯಾಗ ಏನೂ ಉಳಿಯೂದಿಲ್ಲ. ಜೋಕಿನ ಶಬ್ದಕ್ಕ ಬಂದ ನಗು ಹಂಗಲ್ಲ: ಮದಲ ಅಲ್ಲೊಬ್ಬರು ಇಲ್ಲೊಬ್ಬರು, ಆಮ್ಯಾಲೆ ಬಾಜೂದವರು ಕೇಳಿ ತಿಳಕೊಂಡು ಎರಡನೇ ಸಲ. ಆ ಎರಡನೇದು ಬರೂ ತನಕ ಮೈಕಿನ್ಯಾಗ ಬಾಯಿ ಹಾಕಬ್ಯಾಡ.

ಯಾರೂ ನಗಲಿಲ್ಲ ಅಂದ್ರ ಮುಂದ ನಡಿ. ಯಾರರೆ ಆಮ್ಯಾಲೆ ಬಂದು ಕೇಳಿದ್ರ ಅವರಿಗೆ ಗೊತ್ತಿಲ್ಲದ ಅರ್ಥ ಒಂದನ್ನೇ ಹೇಳು, "ನಮ್ಮಲ್ಲೆ ಬಾಯಾರಿಕೆಗೆ ನೀರಡಿಕಿ ಅಂತಾರ" ಅಷ್ಟೇ. ಉಳದದ್ದನ್ನ ಅವರೇ ಕೂಡಸ್ತಾರ. ನಾಲ್ಕು ಮಂದಿಯೊಳಗ ಒಬ್ಬರಿಗಷ್ಟೇ ತಿಳೀಲಿಲ್ಲ ಅಂದ್ರ ಮಾತ್ರ ಕೂಡಲೇ ಹೇಳು, ತನ್ನನ್ನ ನೋಡಿ ನಗಲಿಕ್ಕೆ ಹತ್ಯಾರ ಅಂತ ಅವರು ತಿಳಕೊಳ್ಳಬಾರದು.

ವಾಟ್ಸಾಪಿನ್ಯಾಗ ಸ್ಕ್ರಿಪ್ಟ್ ಕಳಸೂದಾದ್ರ ಕನ್ನಡ ಅಕ್ಷರದಾಗೇ ಬರಿ. ಇಂಗ್ಲಿಷ್ ಅಕ್ಷರದಾಗ ಬಲೆ, ಬಳೆ, ಬಾಳೆ ಮೂರೂ ಒಂದೇ ಕಾಣ್ತಾವ. ಓದಿ ನಕ್ಕ ಜೋಕು ಮೈಕಿನ್ಯಾಗ ಹೇಳಿದಾಗ ಇರೂದೇ ಇಲ್ಲ.

ಕಾರ್ಯಕ್ರಮದ ಮುಂಚೆ ಎಲ್ಲಾ ಜೋಕು ಒಬ್ಬ ಮೈಸೂರಿನವರಿಗೆ, ಒಬ್ಬ ಹಿಂದಿಯವರಿಗೆ ಬ್ಯಾರೆ ಬ್ಯಾರೆ ಹೇಳಿ ನೋಡು. ಇಬ್ಬರೂ "ಮುಂದೇನಾತು?" ಅಂತ ಕೇಳಿದ್ದನ್ನ ತಗದುಹಾಕು. ಒಬ್ಬರು ನಕ್ಕಿದ್ದನ್ನ ಇಟ್ಕೋ. ಉಳದದ್ದು ಫೋನಿನ್ಯಾಗ ಮಾತಾಡೂಣು.

ನಿನ್ನ ಅವ್ವ