ಕರಡು ಕನ್ನಡದಲ್ಲೂ ಬರಲಿ

ಮಾನ್ಯ ಸಂಪಾದಕರೇ,

ಕಾನೂನು ತರೋ ಮೊದಲು ಅದರ ಕರಡನ್ನ ಕನಿಷ್ಠ 30 ದಿನ ಜನರ ಮುಂದೆ ಇಡಬೇಕು, ಬಂದ ಅಭಿಪ್ರಾಯಗಳ ಸಾರಾಂಶಾನೂ ಪ್ರಕಟಿಸಬೇಕು ಅಂತ ಕೇಂದ್ರ ಸರ್ಕಾರ 2014ರಲ್ಲೇ ನೀತಿ ಮಾಡ್ಕೊಂಡಿದೆ. ಆದ್ರೆ ಅದಕ್ಕೆ ಕಾಯ್ದೆ ಬಲ ಇಲ್ಲ, ಇಲಾಖೆಗಳು ಬೇಕಾದಾಗ ಪಾಲಿಸ್ತವೆ ಬೇಡವಾದಾಗ ಬಿಡ್ತವೆ. 2020ರ ಮೂರು ಕೃಷಿ ಕಾಯ್ದೆಗಳನ್ನೇ ನೋಡಿ, ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ, ಸಂಸದೀಯ ಸಮಿತಿಗೂ ಕಳಿಸ್ಲಿಲ್ಲ, ಕೊನೆಗೆ ರೈತರು ದೆಹಲಿ ಗಡಿಯಲ್ಲಿ ಚಳಿ ಮಳೆ ಅನ್ನದೆ ಒಂದು ವರ್ಷ ಕೂತ ಮೇಲೆ 2021ರ ನವೆಂಬರ್‌ನಲ್ಲಿ ವಾಪಸ್ ತಗೊಂಡ್ರು. ಆ ಮಾತುಕತೆ ಮೊದಲೇ ಆಗ್ಬೇಕಿತ್ತು ಅನ್ನೋದೇ ನನ್ನ ಸಂಕಟ.

ಭಾಷೆ ವಿಷಯಾನೂ ಹಾಗೇ. 2020ರಲ್ಲೇ ಪರಿಸರ ಪರಿಣಾಮ ಅಧ್ಯಯನದ (ಅಂದ್ರೆ ಗಣಿ, ಅಣೆಕಟ್ಟಿನಂಥ ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತೆ ಅಂತ ಮೊದಲೇ ನೋಡೋದರ) ನಿಯಮಗಳ ಹೊಸ ಕರಡು ಇಂಗ್ಲಿಷ್ ಹಿಂದಿಯಲ್ಲಿ ಮಾತ್ರ ಬಂದಿತ್ತು, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡ್ಸಿ ಅಂತ ದೆಹಲಿ ಹೈಕೋರ್ಟ್ ಹೇಳ್ಬೇಕಾಯ್ತು. ಗಣಿ, ಅಣೆಕಟ್ಟು ಬರೋ ಜಾಗದ ಜನಕ್ಕೆ ಅರ್ಥವೇ ಆಗದ ಭಾಷೇಲಿ ಕರಡು ಹಾಕಿ ಅಭಿಪ್ರಾಯ ಕೇಳಿದ್ರೆ ಅವರು ಏನಂತ ಬರೀಬೇಕು?

ನಮ್ಮ ರಾಜ್ಯದ ಸಂಸದರು, ಯಾವ ಪಕ್ಷದವರೇ ಆಗ್ಲಿ, ಈ 30 ದಿನದ ನಿಯಮಕ್ಕೆ ಕಾಯ್ದೆ ರೂಪ ಕೊಡಿ, ಪ್ರತಿ ಕರಡೂ ಕನ್ನಡದಲ್ಲಿ ಬರಲಿ ಅಂತ ಮುಂದಿನ ಅಧಿವೇಶನದಲ್ಲೇ ದಯವಿಟ್ಟು ಕೇಳ್ಬೇಕು.