ಊಟ ಮಾಡದೆ ಮಲಗಿದವನು

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಮಾತು ಅರ್ಧಕ್ಕೇ ನಿಂತಿತು. ಗಾಳಿಮಳೆಗೆ ಕರೆಂಟ್ ಹೋಯಿತು, ಅದರ ಹಿಂದೆಯೇ ಟವರ್ರೂ ಹೋಯಿತು. ಇಲ್ಲಿ ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿದೆ. ತೋಟಕ್ಕೆ ಒಂದು ಸಲ ಔಷಧಿ ಹೊಡೆದಾಗಿದೆ. ಎರಡನೇ ಸಲಕ್ಕೆ ಹೊಳವಾಗಬೇಕು. ಮೈಲುತುತ್ತ, ಸುಣ್ಣ ಎರಡೂ ಅಟ್ಟದಲ್ಲಿ ಕಾಯುತ್ತಿವೆ, ನಾನು ಜಗುಲಿಯಲ್ಲಿ ಕಾಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಬಾಕಿಯಾದದ್ದನ್ನು ಬರೆದುಬಿಡೋಣ ಅನ್ನಿಸಿತು. ನಮ್ಮ ಹಳೇ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ಅಲ್ವಾ?

"ಮೂವತ್ತು ಪುಟಕ್ಕೇ ಮುಚ್ಚಿಟ್ಟೆ ಮಾರಾಯ" ಅಂದೆ ನೀನು. "ಹೆತ್ತ ತಾಯಿಯ ಹೆಣದ ಪಕ್ಕ ಕೂತು ಕಾಫಿ ಕುಡಿದು ಸಿಗರೇಟು ಸೇದುತ್ತಾನೆ. ಮಣ್ಣು ಮಾಡಿದ ಮಾರನೇ ದಿನ ಹುಡುಗಿ ಜೊತೆ ನಗೆ ಸಿನಿಮಾಕ್ಕೆ ಹೋಗುತ್ತಾನೆ. ಇಂಥವನ ಕಥೆ ನನಗ್ಯಾಕೆ?"

ಆಲ್ಬರ್ಟ್ ಕಮೂ ಬರೆದ 'ದಿ ಔಟ್‌ಸೈಡರ್' ಓದಿದ ತುಂಬಾ ಜನ ನಿನ್ನ ಹಾಗೇ ಸಿಟ್ಟಾಗಿದ್ದಾರೆ. ನಾನೂ ಆಗಿದ್ದೆ. ದುರ್ಗಿಗುಡಿಯ ನಮ್ಮ ರೂಮು ನೆನಪಿದೆಯಾ? ಅಲ್ಲೇ ಓದಿದ್ದು, ಸಹ್ಯಾದ್ರಿ ಕಾಲೇಜಿನ ಎರಡನೇ ವರ್ಷದಲ್ಲಿ. ಓದುತ್ತಾ ಓದುತ್ತಾ ಮೈ ಉರಿಯುತ್ತಿತ್ತು. ಅದರಲ್ಲಿ ಅರ್ಧ ಅಪ್ಪನ ಮೇಲಿನ ಸಿಟ್ಟು ಅಂತ ಆಗ ನಿನಗೆ ಹೇಳಿರಲಿಲ್ಲ.

ಅಜ್ಜಿ ಸತ್ತದ್ದು ಅಡಿಕೆ ಕೊಯ್ಲಿನ ಹೊತ್ತಿಗೆ. ನನಗೆ ಹದಿನಾಲ್ಕು ವರ್ಷ. ಬೇಯಿಸಿದ ಅಡಿಕೆ ಅಂಗಳದ ತುಂಬಾ ಹರಡಿತ್ತು. ಹೆಣ ಜಗುಲಿಯಲ್ಲಿತ್ತು. ಅತ್ತೆಯಂದಿರು ಎದೆ ಬಡಿದುಕೊಂಡು ಅಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ, ಕಾಲವಲ್ಲದ ಕಾಲದಲ್ಲಿ, ಮೋಡ ಕಟ್ಟಿತು. ಅಪ್ಪ ಎದ್ದು ಬಾಗಿಲಿಗೆ ಬಂದು, ಅಷ್ಟು ಜನರ ಎದುರಿಗೆ, "ಅಡಿಕೆ ಮೇಲೆ ಟಾರ್ಪಾಲು ಹಾಕಿದ್ರಾ?" ಅಂತ ಕೇಳಿದರು. ಒಂದು ಹನಿ ಕಣ್ಣೀರಿಲ್ಲ. ಹಿಂದೆ ಯಾರೋ "ಕಲ್ಲು ಮನಷ್ಯ" ಅಂದದ್ದು ನನ್ನ ಕಿವಿಗೆ ಬಿತ್ತು. ಆ ಮಾತು ನನ್ನೊಳಗೆ ಹಾಗೇ ಉಳಿಯಿತು. ಪುಸ್ತಕದ ಕಥಾನಾಯಕ ಮರ್ಸೋ ತಾಯಿಯ ಶವಪೆಟ್ಟಿಗೆಯ ಮುಚ್ಚಳ ತೆಗೆಯುವುದು ಬೇಡ ಅಂದಾಗ, ಯಾಕೆ ಅಂದರೆ ಗೊತ್ತಿಲ್ಲ ಅಂದಾಗ, ನನಗೆ ಕಂಡದ್ದು ಅಪ್ಪನ ಮುಖ.

ಈ ಮಳೆಗಾಲದಲ್ಲಿ ಆ ಪುಸ್ತಕವನ್ನು ಮತ್ತೆ ಓದಿದೆ. ಇಪ್ಪತ್ತೈದು ವರ್ಷದ ಮೇಲೆ.

ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಅಮ್ಮ ಸತ್ತದ್ದು ಇವತ್ತೋ ನಿನ್ನೆಯೋ ಗೊತ್ತಿಲ್ಲ ಅನ್ನುತ್ತಾನಲ್ಲ, ಅದನ್ನು ಆಗ ದೊಡ್ಡ ಉಡಾಫೆ ಅಂದುಕೊಂಡಿದ್ದೆ. ಆದರೆ ಅವನ ಕೈಯಲ್ಲಿ ಇರುವುದು ವೃದ್ಧಾಶ್ರಮದ ಒಂದು ತಂತಿ. ತಾಯಿ ತೀರಿಕೊಂಡರು, ನಾಳೆ ಅಂತ್ಯಕ್ರಿಯೆ, ಅಷ್ಟೇ ಅದರಲ್ಲಿ. ಯಾವತ್ತು ಅಂತ ಇಲ್ಲ. ನಮ್ಮೂರಿಗೆ ತಂತಿ ಬರುತ್ತಿದ್ದ ಕಾಲ ನಿನಗೂ ಗೊತ್ತು. ಪೇಟೆಯಿಂದ ಹಳ್ಳ ದಾಟಿ ಅದು ಮನೆ ಮುಟ್ಟುವ ಹೊತ್ತಿಗೆ ಮನೆಯವರೂ ಇದೇ ಲೆಕ್ಕ ಹಾಕುತ್ತಿದ್ದರು. "ಇವತ್ತು ಹೋದದ್ದೋ, ನಿನ್ನೆಯೋ?" ಅಂತ ಕೇಳಿದವರನ್ನು ನಾವು ಯಾರೂ ಕಲ್ಲು ಅನ್ನಲಿಲ್ಲ.

ಇನ್ನೊಂದು ವಿಷಯ. ಕಮೂ ಬರೆದದ್ದು ಫ್ರೆಂಚಿನಲ್ಲಿ, 1942ರಲ್ಲಿ ಅಚ್ಚಾಯಿತು. ಅಲ್ಲಿ ಮರ್ಸೋ 'ಮಮಾಂ' ಅನ್ನುತ್ತಾನೆ. ಮಕ್ಕಳು ಕರೆಯುವ ಮಾತು ಅದು. 1946ರ ಇಂಗ್ಲಿಷ್ ಅನುವಾದದಲ್ಲಿ ಅದು 'ಮದರ್' ಆಯಿತು. ನಾವು ಓದಿದ್ದು ಅದನ್ನೇ. ಮದರ್ ಅಂದರೆ ಅರ್ಜಿಯಲ್ಲಿ ಹೆಸರು ತುಂಬುವ ಜಾಗದ ಮಾತು. 1988ರ ಅನುವಾದದಲ್ಲಿ ಮಮಾಂ ಅಂತಲೇ ಉಳಿಸಿಕೊಂಡರು. ನಮಗಂತೂ ಇದು ಸುಲಭ, ಅಮ್ಮ ಅಂದರೆ ಮುಗಿಯಿತು. ಪುಸ್ತಕದ ಉದ್ದಕ್ಕೂ ಅವನು ಅಮ್ಮ, ಅಮ್ಮ ಅನ್ನುತ್ತಲೇ ಇದ್ದಾನೆ. ಜೈಲಿನಲ್ಲೂ ಅಷ್ಟೇ. ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ ಅಂತ ಅಮ್ಮ ಹೇಳುತ್ತಿದ್ದಳು ಅಂತ ನೆನೆಯುತ್ತಾನೆ. ಆ ಒಂದು ಶಬ್ದವನ್ನು ನಮ್ಮ ಭಾಷೆಯಲ್ಲಿ ಹೇಳಿಕೊಂಡು ಓದಿ ನೋಡು. ಬೇರೆಯೇ ಮನುಷ್ಯ ಕಾಣುತ್ತಾನೆ.

ಅಮ್ಮನ ಶವದ ಹಿಂದೆ ಪೆರೆಝ್ ಅನ್ನುವ ಮುದುಕ ನಡೆಯುತ್ತಾನೆ. ಆಶ್ರಮದಲ್ಲಿ ಅಮ್ಮನ ಕೊನೆಯ ಜೊತೆಗಾರ. ಕುಂಟುಗಾಲು. ಮೆರವಣಿಗೆಯ ಜೊತೆ ಹೆಜ್ಜೆ ಹಾಕಲಾಗದೆ ಹಿಂದೆ ಬೀಳುತ್ತಾನೆ, ಗದ್ದೆಯಲ್ಲಿ ಅಡ್ಡ ಹಾದು ಮತ್ತೆ ಬಂದು ಸೇರುತ್ತಾನೆ, ಮತ್ತೆ ಹಿಂದೆ ಬೀಳುತ್ತಾನೆ. ಅವನ ಕಣ್ಣೀರು ಕೆಳಗೆ ಇಳಿಯದೆ ಮುಖದ ಸುಕ್ಕಿನಲ್ಲೇ ಹರಡಿಕೊಂಡಿತು ಅಂತ ಮರ್ಸೋ ಹೇಳುತ್ತಾನೆ. ಬಿಸಿಲಿಗೆ ಡಾಂಬರು ಕರಗಿ ಕಾಲಿಗೆ ಅಂಟುವುದನ್ನೂ ಹೇಳುತ್ತಾನೆ. ಏನೂ ಅನ್ನಿಸದವನ ಕಣ್ಣಿಗೆ ಮುದುಕನ ಸುಕ್ಕು ಯಾಕೆ ಕಾಣಬೇಕು?

ಬಿಸಿಲಿನ ಮಾತು ಬಂತಲ್ಲ. ಮುಂದೆ ಮರ್ಸೋ ಸಮುದ್ರದ ದಡದಲ್ಲಿ ಒಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ನ್ಯಾಯಾಲಯದಲ್ಲಿ ಯಾಕೆ ಕೊಂದೆ ಅಂದರೆ ಬಿಸಿಲಿನಿಂದ ಅನ್ನುತ್ತಾನೆ. ಜನ ನಗುತ್ತಾರೆ. ನನಗೆ ನಗು ಬರಲಿಲ್ಲ. ಆಷಾಢದಲ್ಲಿ ಹದಿನೈದು ದಿನ ಸೂರ್ಯನ ಮುಖ ಕಾಣದೆ, ಬಟ್ಟೆ ಒಣಗದೆ, ಮಾತಿಲ್ಲದೆ ಮನೆಯೊಳಗೆ ಕೂತವರಿಗೆ ಹವೆ ಮನುಷ್ಯನ ತಲೆ ಮೇಲೆ ಹೇಗೆ ಕೂರುತ್ತದೆ ಅಂತ ಗೊತ್ತು. ಹಾಗಂತ ಕೊಂದದ್ದು ಸರಿ ಅನ್ನುತ್ತಿಲ್ಲ. ಅವನು ಸುಳ್ಳು ಹೇಳಲಿಲ್ಲ ಅಂತ ನಂಬುತ್ತೇನೆ, ಅಷ್ಟೇ.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಮೊದಲ ಭಾಗದ ನಾಲ್ಕನೇ ಅಧ್ಯಾಯ. ಅದನ್ನು ಮೂರು ಸಲ ಓದಿದೆ.

ಅದರ ಬುಡ ಮೂರನೇ ಅಧ್ಯಾಯದಲ್ಲಿದೆ. ಅವನ ಮನೆಯ ಮಹಡಿಯಲ್ಲೇ ರೇಮಂಡ್ ಅನ್ನುವವನಿದ್ದಾನೆ. ಹೆಂಗಸರ ಸಂಪಾದನೆಯಲ್ಲಿ ಬದುಕುವವನು ಅಂತ ಊರವರ ಮಾತು. ತನ್ನ ಹೆಂಗಸಿಗೆ ಬುದ್ಧಿ ಕಲಿಸಬೇಕು, ಅವಳು ಮರಳಿ ಬರುವ ಹಾಗೆ ಒಂದು ಕಾಗದ ಬರೆದುಕೊಡು ಅನ್ನುತ್ತಾನೆ. ಮರ್ಸೋ ಬರೆದುಕೊಡುತ್ತಾನೆ. ಬೇಡ ಅನ್ನಲು ಕಾರಣ ಇರಲಿಲ್ಲ, ಅದಕ್ಕೆ. ಆ ಕಾಗದ ನಂಬಿ ಅವಳು ಬರುತ್ತಾಳೆ. ಭಾನುವಾರ ಗೋಡೆಯಾಚೆ ಅವಳ ಕಿರುಚಾಟ ಕೇಳುತ್ತದೆ. ಮರೀ, ಅವನ ಗೆಳತಿ, ಪೊಲೀಸರನ್ನು ಕರಿ ಅನ್ನುತ್ತಾಳೆ. ನನಗೆ ಪೊಲೀಸರೆಂದರೆ ಇಷ್ಟ ಇಲ್ಲ ಅನ್ನುತ್ತಾನೆ. ಅದೇ ಮಧ್ಯಾಹ್ನ ರೇಮಂಡ್ ಬಂದು, ಅವಳು ನನಗೆ ಮೋಸ ಮಾಡಿದಳು ಅಂತ ಸಾಕ್ಷಿ ಹೇಳು ಅಂದರೆ, ಅದಕ್ಕೂ ಆಯಿತು ಅನ್ನುತ್ತಾನೆ.

ಗೆಳೆಯಾ, ನಾನು ಕ್ಷಮಿಸದೆ ಇರುವುದು ಇದನ್ನು. ಅವನು ಅಳದೆ ಇದ್ದದ್ದು ನನಗೆ ಈಗ ಯಾವ ಲೆಕ್ಕಕ್ಕೂ ಇಲ್ಲ. ಒಬ್ಬಳು ಗೋಡೆಯಾಚೆ ಹೊಡೆಸಿಕೊಳ್ಳುವಾಗ ಬಾಗಿಲಾಚೆ ಬಂದು ನಿಂತನೇ ಹೊರತು ಏನೂ ಮಾಡಲಿಲ್ಲವಲ್ಲ, ಅದು ಲೆಕ್ಕ. ಹೋಗಿ ಪೊಲೀಸನನ್ನು ಕರೆತಂದವನು ಎರಡನೇ ಮಹಡಿಯ ನಲ್ಲಿ ರಿಪೇರಿಯವನು. ಅವನು ಪುಸ್ತಕದಲ್ಲಿ ಮತ್ತೆ ಎಲ್ಲೂ ಮುಖ್ಯವಾಗುವುದಿಲ್ಲ. ನನಗೆ ಅವನ ಮೇಲೆ ಗೌರವ ಜಾಸ್ತಿ.

ಕಮೂ 1955ರಲ್ಲಿ ಒಂದು ಮುನ್ನುಡಿ ಬರೆದರು. ತಾಯಿಯ ಅಂತ್ಯಕ್ರಿಯೆಯಲ್ಲಿ ಅಳದವನು ನಮ್ಮ ಸಮಾಜದಲ್ಲಿ ಮರಣದಂಡನೆಯ ಅಪಾಯದಲ್ಲಿರುತ್ತಾನೆ ಅಂದರು. ಮರ್ಸೋ ಸುಳ್ಳು ಹೇಳಲು ಒಪ್ಪದವನು ಅಂತಲೂ ಅಂದರು. ಮೊದಲ ಮಾತನ್ನು ತಲೆಬಾಗಿ ಒಪ್ಪುತ್ತೇನೆ. ಎರಡನೆಯದನ್ನು, ಬರೆದವರೇ ಹೇಳಿದರೂ, ಒಪ್ಪಲಾರೆ. ಅವಳನ್ನು ಬಲೆಗೆ ಬೀಳಿಸಿದ ಕಾಗದ ಬರೆದದ್ದು ಯಾರ ಕೈ? ತನಗೆ ಗೊತ್ತೇ ಇಲ್ಲದ ವಿಷಯಕ್ಕೆ ಪೊಲೀಸರ ಮುಂದೆ ಸಾಕ್ಷಿ ಹೇಳಿದ ಬಾಯಿ ಯಾವುದು? ತನ್ನ ಬಗ್ಗೆ ಅವನು ಸುಳ್ಳು ಹೇಳಲಿಲ್ಲ, ನಿಜ. ಬೇರೆಯವಳ ಬಗ್ಗೆ ಹೇಳಲು ಅವನಿಗೆ ಕಷ್ಟವೇ ಆಗಲಿಲ್ಲ.

ಆದರೆ ಅದೇ ಅಧ್ಯಾಯ, ಅದೇ ಭಾನುವಾರ ರಾತ್ರಿ. ಪಕ್ಕದ ಮನೆಯ ಮುದುಕ ಸಲಮಾನೊನ ನಾಯಿ ತಪ್ಪಿಹೋಗಿದೆ. ದಿನವೂ ಅದನ್ನು ಬೈದು ಹೊಡೆದು ಎಳೆದುಕೊಂಡು ಹೋಗುತ್ತಿದ್ದವನು ಅವನು. ಈಗ ಗೋಡೆಯಾಚೆ ಏನೋ ವಿಚಿತ್ರ ಸದ್ದು. ಮುದುಕ ಅಳುತ್ತಿದ್ದಾನೆ ಅಂತ ಮರ್ಸೋಗೆ ಗೊತ್ತಾಗುತ್ತದೆ. ಆಗ, ಯಾಕೋ ಗೊತ್ತಿಲ್ಲ, ಅಮ್ಮನ ನೆನಪಾಯಿತು ಅನ್ನುತ್ತಾನೆ. ಬೆಳಿಗ್ಗೆ ಬೇಗ ಏಳಬೇಕಿತ್ತು. ಹಸಿವಿರಲಿಲ್ಲ. ಊಟ ಮಾಡದೆ ಮಲಗಿದೆ ಅನ್ನುತ್ತಾನೆ.

ಅಷ್ಟೇ. ಅಧ್ಯಾಯ ಮುಗಿಯಿತು.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾ? ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಪ್ರೀತಿ ಅಂತ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. "ಊಟ ಆಯ್ತನಾ?" ಅಂತ ಕೇಳುತ್ತಾರೆ. ಒಬ್ಬರು ಊಟ ಬೇಡ ಅಂದು ಮಲಗಿದರೆ ಮನೆಯವರಿಗೆಲ್ಲ ನಿದ್ದೆ ಬರುವುದಿಲ್ಲ. ಆ ರಾತ್ರಿ ಮರ್ಸೋ ಊಟ ಬಿಟ್ಟದ್ದನ್ನು ಕೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ಕೇಳುವವಳು ಸತ್ತಿದ್ದಳು.

ಒಂದು ಗೋಡೆಯಾಚೆಯ ಅಳು ಅವನನ್ನು ಊಟ ಬಿಡಿಸಿತು. ಇನ್ನೊಂದು ಗೋಡೆಯಾಚೆಯ ಕಿರುಚಾಟಕ್ಕೆ ಹೊರಗೆ ಬಂದು ಸುಮ್ಮನೆ ನಿಂತ, ಅಷ್ಟೇ. ಎರಡೂ ಒಂದೇ ದಿನ. ಇಬ್ಬರೂ ಅವನೇ. ನನಗೆ ಈ ಮನುಷ್ಯನನ್ನು ಒಂದು ಕಡೆ ಕೂರಿಸಲು ಆಗುತ್ತಿಲ್ಲ.

ನ್ಯಾಯಾಲಯಕ್ಕೆ ಮಾತ್ರ ಸುಲಭವಾಗಿ ಆಯಿತು. ಅಲ್ಲಿ ಕಾಫಿ ಕುಡಿದದ್ದು ಸಾಕ್ಷಿಯಾಯಿತು. ಅಮ್ಮನ ವಯಸ್ಸು ಗೊತ್ತಿಲ್ಲದ್ದು ಸಾಕ್ಷಿಯಾಯಿತು. ವಕೀಲ ಕೊನೆಗೆ, ಇವನ ಮೇಲಿರುವ ಆಪಾದನೆ ತಾಯಿಯನ್ನು ಮಣ್ಣು ಮಾಡಿದ್ದೋ ಮನುಷ್ಯನನ್ನು ಕೊಂದದ್ದೋ ಅಂತ ಕೇಳಬೇಕಾಯಿತು. ಇದನ್ನು ಓದುವಾಗ ಅನಂತಮೂರ್ತಿಯವರ 'ಸಂಸ್ಕಾರ' ನೆನಪಾಯಿತು. 1965ರ ಪುಸ್ತಕ, ನಮ್ಮ ತುಂಗೆಯ ದಡದ ಅಗ್ರಹಾರ. ನಾರಣಪ್ಪನ ಹೆಣ ಕೊಳೆಯುತ್ತಾ ಬಿದ್ದಿದೆ, ಸುಡುವ ಹಕ್ಕು ಯಾರದ್ದು ಅಂತ ಚರ್ಚೆ ನಡೆದಿದೆ, ಚಂದ್ರಿ ಬಿಚ್ಚಿಟ್ಟ ಚಿನ್ನದ ಮೇಲೆ ಎಲ್ಲರ ಕಣ್ಣು. ಕೊನೆಗೆ ಕತ್ತಲಲ್ಲಿ ಸುಟ್ಟದ್ದು ಚಂದ್ರಿ, ಜೊತೆಗೆ ಬಂದವನು ಮೀನು ವ್ಯಾಪಾರದ ಅಹ್ಮದ್ ಬ್ಯಾರಿ. ಸತ್ತವರ ಮನೆಯ ಅಂಗಳದಲ್ಲಿ ನಾವು ಕೇಳುವ ಪ್ರಶ್ನೆಗಳೇ ತಪ್ಪು ಅಂತ ನನಗೆ ಅನ್ನಿಸುತ್ತದೆ. ಯಾರು ಅತ್ತರು, ಯಾರು ಅಳಲಿಲ್ಲ ಅಂತ ಲೆಕ್ಕ ಇಡುತ್ತೇವೆ.

ಅಜ್ಜಿಯ ಹದಿಮೂರನೇ ದಿನ ಕಳೆದು ಒಂದು ವಾರ ಆಗಿತ್ತು. ಅಪ್ಪ ತೋಟದಿಂದ ಬಂದು, ಅಂಗಳದಲ್ಲೇ ನಿಂತು, "ಅಮ್ಮಾ, ಕೆಳಗಿನ ತೋಟದ್ದು ಕೊಯ್ದಾಯ್ತು" ಅಂತ ಒಳಕ್ಕೆ ಕೂಗಿದರು. ದಿನವೂ ಹಾಗೇ ಕೂಗುತ್ತಿದ್ದರು. ಅಡಿಕೆ ಸುಲಿಯುವ ಲೆಕ್ಕವೆಲ್ಲ ಅಜ್ಜಿಯದ್ದೇ ಅಲ್ವಾ, ಎಷ್ಟು ಜನ ಬರಬೇಕು, ಯಾರ ಮೆಟ್ಟುಗತ್ತಿ ಎಲ್ಲಿ ಅಂತ. ಕೂಗಿದವರು ಅಲ್ಲೇ ನಿಂತರು. ನಾನು ಜಗುಲಿಯಲ್ಲಿ ಲೆಕ್ಕ ಮಾಡುತ್ತಿದ್ದೆ. ನನ್ನ ಕಡೆ ನೋಡಲಿಲ್ಲ. ಕಾಲು ತೊಳೆಯಲು ಬಚ್ಚಲಿಗೆ ಹೋದರು, ತುಂಬಾ ಹೊತ್ತು ಬರಲಿಲ್ಲ. ಇದನ್ನು ನಾನು ಮರೆತೇಬಿಟ್ಟಿದ್ದೆ. ಸಲಮಾನೊನ ಪುಟ ಓದುವಾಗ ಬಂತು. ಟಾರ್ಪಾಲಿನ ಮಾತು ಇಷ್ಟು ವರ್ಷ ನೆನಪಿಟ್ಟುಕೊಂಡವನು ಇದನ್ನು ಮರೆತದ್ದು ಹೇಗೆ ಅಂತ ಎರಡು ದಿನದಿಂದ ಕೊರೆಯುತ್ತಿದೆ. ಅವತ್ತು ಅಂಗಳದಲ್ಲಿದ್ದ ಅಡಿಕೆ ಕೂಡ ಅಜ್ಜಿ ಕೂತು ಸುಲಿಸಿದ್ದೇ ಆಗಿತ್ತು.

ನಿನ್ನೆ ಸಂಜೆ ಒಲೆ ಮುಂದೆ ಕೂತು ಅಪ್ಪನಿಗೆ ಈ ಕಥೆ ಹೇಳಿದೆ. ಈಗ ಎಪ್ಪತ್ತಾರು ವರ್ಷ. ಕಿವಿ ಸ್ವಲ್ಪ ಮಂದ, ಹಾಗಾಗಿ ಜೋರಾಗಿ ಹೇಳಬೇಕಾಯಿತು. ಕಮೂ ತಾಯಿಗೂ ಕಿವಿ ಮಂದವಂತೆ ಅಂತಲೂ ಹೇಳಿದೆ. ಓದು ಬರಹ ಬರದ, ಬೇರೆಯವರ ಮನೆ ತೊಳೆದು ಮಕ್ಕಳನ್ನು ಸಾಕಿದ ಹೆಂಗಸು. ಗಂಡ 1914ರ ಯುದ್ಧದಲ್ಲಿ ಹೋದ, ಆಗ ಕಮೂಗೆ ಒಂದು ವರ್ಷವೂ ತುಂಬಿರಲಿಲ್ಲ. 1960ರಲ್ಲಿ ಕಾರು ಅಪಘಾತದಲ್ಲಿ ಕಮೂ ಸತ್ತಾಗ ಜೊತೆಯಲ್ಲಿ ಒಂದು ಅರ್ಧ ಬರೆದ ಕಾದಂಬರಿ ಸಿಕ್ಕಿತು. ಅದನ್ನು ಅರ್ಪಿಸಿದ್ದು ಅಮ್ಮನಿಗೇ, ಈ ಪುಸ್ತಕವನ್ನು ಎಂದೂ ಓದಲಾರದ ನಿನಗೆ ಅಂತ. ಅಪ್ಪ ಇದಕ್ಕೆ ಹ್ಞೂಂ ಅಂದರು, ಅಷ್ಟೇ.

ಕಥೆ ಪೂರ್ತಿ ಕೇಳಿದರು. ತಂತಿ, ಕಾಫಿ, ಸಮುದ್ರದ ದಡ, ಮೊದಲು ಒಂದು ಗುಂಡು, ಆಮೇಲೆ ನಾಲ್ಕು, ನ್ಯಾಯಾಲಯ, ಮರಣದಂಡನೆ. ಮರ್ಸೋ ಒಳ್ಳೆಯವನೋ ಕೆಟ್ಟವನೋ ಅಂತ ಕೇಳುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತು ಬೆಂಕಿ ನೋಡಿ, "ಆ ಸತ್ತವನ ಮನೆಯವ್ರು ಏನಾದ್ರು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದಲ್ಲಿ ಅವನಿಗೆ ಹೆಸರೇ ಇಲ್ಲ. 'ಅರಬ' ಅಷ್ಟೇ. ಹೊಡೆಸಿಕೊಂಡ ಆ ಹೆಂಗಸಿನ ಕಡೆಯವನು, ಅವಳಿಗೂ ಹೆಸರಿಲ್ಲ. ಎರಡು ಸಲ ಓದಿದ ನಾನು ಮರ್ಸೋ ಅತ್ತನೋ ಇಲ್ಲವೋ ಅಂತಲೇ ತಲೆ ಕೆಡಿಸಿಕೊಂಡಿದ್ದೆ. ಆ ನ್ಯಾಯಾಲಯ ಮಾಡಿದ್ದೂ ಅದನ್ನೇ. ಅಲ್ಜೀರಿಯಾದ ಕಮೆಲ್ ದಾವೂದ್ ಅನ್ನುವ ಲೇಖಕ 2013ರಲ್ಲಿ ಒಂದು ಕಾದಂಬರಿ ತಂದರು, ಸತ್ತವನ ತಮ್ಮ ಹೇಳುವ ಕಥೆ. ಅದರಲ್ಲಿ ಸತ್ತವನಿಗೆ ಮೂಸಾ ಅಂತ ಹೆಸರಿದೆ, ಕಾಯುವ ತಾಯಿಯಿದ್ದಾಳೆ. ಅಪ್ಪ ಅದನ್ನು ಓದಿದವರಲ್ಲ. ಇಂಗ್ಲಿಷೂ ಬಾರದು, ಫ್ರೆಂಚೂ ಬಾರದು.

ಆ ಪುಸ್ತಕ ತರಿಸಿ ಅಪ್ಪನಿಗೆ ಹೇಳಬೇಕು ಅಂತಿದ್ದೇನೆ. ನಿನಗೆ ಬೆಂಗಳೂರಿನಲ್ಲಿ ಸಿಕ್ಕರೆ ಒಂದು ಪ್ರತಿ ಕಳಿಸು. ಮತ್ತೆ ನೀನು ಮುಚ್ಚಿಟ್ಟದ್ದನ್ನು ಇನ್ನೊಂದು ಹತ್ತಿಪ್ಪತ್ತು ಪುಟ ಓದು, ನಾಲ್ಕನೇ ಅಧ್ಯಾಯದ ಕೊನೆಯವರೆಗೆ. ಅಲ್ಲಿಗೆ ಬಂದ ಮೇಲೂ ಸಿಟ್ಟು ಉಳಿದರೆ ಫೋನ್ ಮಾಡು, ಯಾವುದರ ಮೇಲಿನ ಸಿಟ್ಟು ಅಂತ ಹೇಳು.

ಪೂರ್ವದ ಕಡೆ ಸ್ವಲ್ಪ ಹೊಳವಾದಂತೆ ಕಾಣುತ್ತಿದೆ. ಅಪ್ಪ ಅಂಗಳಕ್ಕೆ ಇಳಿದು ಆಕಾಶ ನೋಡುತ್ತಿದ್ದಾರೆ. ಸುಣ್ಣ ನೆನೆಸಬೇಕು.

ನಿನ್ನ ಊಟ ಆಯ್ತಾ?

ಇಂತಿ ನಿನ್ನ,
ದುರ್ಗಿಗುಡಿ ರೂಮಿನ ಗೆಳೆಯ