ಅಡುಗೆಮನೆಯ ಪರದೆಯಲ್ಲಿ ಜಪಾನಿ ಅಕ್ಷರ

ಮಾನ್ಯರೇ,

ಅಂಗಡಿ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಿತು. ನಮ್ಮ ಅಡುಗೆಮನೆಯ ಬೆರಳುದ್ದದ ಫಲಕದಲ್ಲಿ ಕನ್ನಡ ಮೂಡಿಸಲು ನನಗೂ ಮೊಮ್ಮಗನಿಗೂ ಇಡೀ ಬೇಸಿಗೆ ರಜೆ ಹಿಡಿಯಿತು.

ನನ್ನ ಹೆಂಡತಿಗೆ ಕಿವಿ ಮಂದ. ಜಗುಲಿಯಿಂದ ಕೂಗಿದರೆ ಕೇಳಿಸದು. ಎಂಟನೇ ತರಗತಿಯ ಮೊಮ್ಮಗ ಅಡುಗೆಮನೆಯಲ್ಲಿ ಆರ್ಡುಯಿನೊ ಬೋರ್ಡ್ (ನಾವು ಬರೆದ ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಎಲೆಕ್ಟ್ರಾನಿಕ್ ಫಲಕ) ಮತ್ತು ಎರಡು ಸಾಲಿನ ಎಲ್‌ಸಿಡಿ ಪರದೆ ಇಟ್ಟು, ಹದಿನಾರು ಗುಂಡಿಗಳ ಕೀಪ್ಯಾಡಿನ ಎಂಟು ತಂತಿಗಳನ್ನು ಜಗುಲಿಯವರೆಗೆ ಎಳೆದ. 1 ಒತ್ತಿದರೆ ‘ಕಾಫಿ’, 2 ಒತ್ತಿದರೆ ‘ಸೊಪ್ಪು ಬಂತು’. ಹಿಂದೆ ಶುಭಾಶಯದ ಟೆಲಿಗ್ರಾಂಗೆ ನಾವು ಅಂಕಿಯನ್ನಷ್ಟೇ ಕಳುಹಿಸುತ್ತಿದ್ದೆವು, ಆ ಕಡೆಯವರು ಪೂರ್ತಿ ವಾಕ್ಯ ಬರೆದುಕೊಳ್ಳುತ್ತಿದ್ದರು. ಹಾಗಾಗಿ ನನಗೆ ಇದು ಹೊಸದೆನಿಸಲಿಲ್ಲ.

ಅವಳು ಓದುವುದು ಕನ್ನಡ ಮಾತ್ರ. ಆದರೆ ಪ್ರೋಗ್ರಾಮಿನಲ್ಲಿ ‘ಕ’ ಎಂದು ಬರೆದರೆ ಪರದೆಯಲ್ಲಿ ಗ್ರೀಕರ ಆಲ್ಫಾ, ಪಕ್ಕದಲ್ಲಿ ಜಪಾನಿನ ‘ಇ’, ಆಮೇಲೊಂದು ಖಾಲಿ ಮನೆ! ಕನ್ನಡದ ಒಂದು ಅಕ್ಷರ ಮೂರು ಬೈಟ್‌ಗಳಾಗಿ, ಅಂದರೆ ಮೂರು ಸಂಕೇತ ಸಂಖ್ಯೆಗಳಾಗಿ ಹೋಗುತ್ತದೆ. ಪರದೆಯ ಚಿಪ್ ಒಂದೊಂದನ್ನೂ ಬೇರೆ ಅಕ್ಷರವೆಂದು ತಿಳಿಯುತ್ತದೆ. ಈ ಚಿಪ್ಪಿನ ಮೂಲ ಜಪಾನಿನ ಹಿಟಾಚಿ ಕಂಪನಿಯದು. ಅವರು ತಮ್ಮ ಕಟಕಾನಾ ಲಿಪಿಯನ್ನು ಅದರೊಳಗೇ ಅಚ್ಚು ಹಾಕಿಟ್ಟರು. ಅವರ ಜಾಣತನ, ತಪ್ಪೇನಲ್ಲ.

ನಾವೇ ಬಿಡಿಸಿ ತುಂಬುವ ಅಕ್ಷರಕ್ಕೆ ಅದರಲ್ಲಿರುವುದು ಎಂಟೇ ಮನೆ, ಒಂದೊಂದರಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಎಂಟು ಚುಕ್ಕಿ. ‘ಕಾಫಿ’ ನಾಲ್ಕು ಮನೆಗಳಲ್ಲಿ ಹೇಗೋ ಕುಳಿತಿತು. ಫಕಾರದ ಸೀಳು ಕಾಣದೆ ‘ಕಾಪಿ’ ಆಯಿತು. ಅವಳು ಅನ್ನುವುದೂ ಹಾಗೆಯೇ, ತಕರಾರು ಬರಲಿಲ್ಲ. ಸೋಲಿಸಿದ್ದು ಸೊಪ್ಪು. ಅಕ್ಷರ, ಕೊಂಬು, ಕೆಳಗೊಂದು ಒತ್ತು, ಎಲ್ಲ ಎಂಟು ಚುಕ್ಕಿಯ ಎತ್ತರದಲ್ಲಿ ಹಿಡಿಸುವುದೆಂತು? ಕೊನೆಗೆ 128ಕ್ಕೆ 64 ಚುಕ್ಕಿಗಳ ಓಎಲ್‌ಇಡಿ ಪರದೆ ತರಿಸಿ, ಸಂದೇಶಗಳನ್ನು ಗ್ರಾಫ್ ಹಾಳೆಯಲ್ಲಿ ರಂಗೋಲಿಯಂತೆ ಬಿಡಿಸಿ, ಚಿತ್ರವಾಗಿಯೇ ತುಂಬಿದೆವು. ಪರದೆ ತುಂಬುವ ಒಂದು ಚಿತ್ರಕ್ಕೆ 1,024 ಬೈಟ್ ಸಾಕು. ಬೋರ್ಡಿನಲ್ಲಿ 32 ಕಿಲೋಬೈಟ್ ಜಾಗವಿದೆ.

ಮೊಮ್ಮಗನ ಶಾಲೆಯ ಪ್ರಯೋಗಾಲಯದಲ್ಲಿ ಇಂಥದೇ ಪರದೆಯ ಮೇಲೆ, ಪ್ರೋಗ್ರಾಂ ಕಲಿಯುವವರ ಮೊದಲ ಪಾಠವಾದ ‘ಹಲೋ ವರ್ಲ್ಡ್’ ತೋರಿಸಿ, ‘ಇದರಲ್ಲಿ ಕನ್ನಡ ಬರುವುದಿಲ್ಲ ಬಿಡು’ ಎಂದರಂತೆ. ಶಿಕ್ಷಣ ಇಲಾಖೆಯು ಶಾಲೆಗಳಿಗೆ ಕಿಟ್ ಕೊಳ್ಳುವಾಗ ಚಿತ್ರ ತೋರಿಸಬಲ್ಲ ಪರದೆಯನ್ನೂ ಸೇರಿಸಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಒತ್ತಕ್ಷರ ಸಮೇತ ಚುಕ್ಕಿ ಅಕ್ಷರಗಳನ್ನು ಸಿದ್ಧಪಡಿಸಿ ಮಕ್ಕಳಿಗೆ ಉಚಿತವಾಗಿ ಕೊಡಲಿ. ನಮ್ಮಲ್ಲಿರುವ ಹನ್ನೊಂದು ಗ್ರಾಫ್ ಹಾಳೆಗಳನ್ನು ಬೇಕಾದರೆ ಕಳುಹಿಸುತ್ತೇನೆ. ಅವುಗಳಲ್ಲಿ ‘ಸೊಪ್ಪು’ ಚೆನ್ನಾಗಿ ಬಂದಿದೆ.

– ನಿವೃತ್ತ ತಂತಿ ಕಚೇರಿ ಗುಮಾಸ್ತ, ತಿಪಟೂರು